ಕೆಂಪಿಗೆ ಹೇಳಿದ ಪಾಠ

ಹಿರೇನಲ್ಲೂರು
೧೯ ಜನವರಿ ೨೦೨೫, ಭಾನುವಾರ

ಅಕ್ಕಾ, ನಿಮ್ಮ ತಂಗಿ ಹೇಮಾವತಿಯ ನಮಸ್ಕಾರಗಳು.

ಪಕ್ಕದ ಬಾಗಿಲಿಗೆ ಕಾಗದ ಬರೆಯುತ್ತಾಳಲ್ಲ, ಇವಳ ತಲೆ ನೆಟ್ಟಗಿದೆಯೇ ಎಂದು ನಗಬೇಡಿ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು, ಇವತ್ತಿಗೂ ಒಂದೇ ಅಂಗಳ ಗುಡಿಸುವವರು. ಮನೆ ಪಾಲಾದ ದಿನದಿಂದ ಎರಡು ವರ್ಷ ಒಂದು ಮಾತೂ ಆಡಿಲ್ಲ. ಕ್ಷಮೆ ಕೇಳೋಣವೆಂದು ಎಷ್ಟೋ ಸಲ ಎದುರು ಬಂದೆ, ಹಾಗೇ ತಿರುಗಿ ಹೋದೆ. ಕಾಗದದಲ್ಲಾದರೂ ಧೈರ್ಯ ಬರಲಿ ಎಂದು ಕೂತಿದ್ದೇನೆ.

ನಿನ್ನೆ ನಮ್ಮ ಕರಿ ಕೋಳಿ ಒಂಬತ್ತು ಮರಿ ಮಾಡಿತು. ಅಷ್ಟೂ ಬದುಕಿದ್ದು ನಿಮ್ಮಿಂದ.

ಅದು ಹುಲ್ಲಿನ ಬಣವೆಯಲ್ಲಿ ಕಾವಿಗೆ ಕೂತ ದಿನ ನಮ್ಮ ಮನೆಯವರು, "ನೀರಲ್ಲದ್ದಿ ಮಂಕ್ರಿ ಕೆಳ್ಗೆ ಕವುಚಾಕು, ನಾಕ್ ದಿನಕ್ಕೆ ಕಾವು ಬಿಡ್ತದೆ" ಎಂದರು. ಕಾವಿಗೆ ಕೂತರೆ ಮೊಟ್ಟೆ ನಿಂತುಹೋಗುತ್ತದೆಂಬ ಸಂಕಟ ಅವರಿಗೆ. ನಾನೂ ಬಕೆಟ್ ತುಂಬಿಕೊಂಡೇ ಹೋದೆ. ಹೊಟ್ಟೆ ಕೆಳಗೆ ಕೈ ಹಾಕಿದರೆ ಹದಿಮೂರು ಮೊಟ್ಟೆ! ಏಳು ನಮ್ಮ ನಾಟಿಯವು. ಉಳಿದ ಆರು ದಪ್ಪನೆಯ ಕಂದು ಮೊಟ್ಟೆಗಳು, ನಿಮ್ಮ ಗಿರಿರಾಜ ಕೋಳಿಗಳವು. ಮನೆ ಪಾಲಾದರೂ ಬಣವೆ ಪಾಲಾಗಿರಲಿಲ್ಲ, ಎಲ್ಲ ಕೋಳಿಗಳೂ ಅಲ್ಲೇ ಇಡುತ್ತಿದ್ದವು. ನಿಮ್ಮವನ್ನು ಕೊಡಬೇಕೆಂದರೆ ನಿಮ್ಮ ಬಾಗಿಲಿಗೆ ಬಂದು ಬಾಯಿ ಬಿಡಬೇಕು. ಆಗಲಿಲ್ಲ. ಎಲ್ಲವನ್ನೂ ಅದರ ಅಡಿಯಲ್ಲೇ ಬಿಟ್ಟು, ನೀರನ್ನು ಕರಿಬೇವಿನ ಬುಡಕ್ಕೆ ಸುರಿದು ಬಂದೆ.

ಕಾವಿಗೆ ಕೂರಿಸುವುದೆಂದರೆ ಸುಮ್ಮನೆ ಬಿಟ್ಟುಬಿಡುವುದು ಎಂದುಕೊಂಡಿದ್ದೆ, ದಡ್ಡಿ. ಮರುದಿನ ನೋಡಿದರೆ ಉಳಿದ ಕೋಳಿಗಳೂ ಅಲ್ಲೇ ಮೊಟ್ಟೆ ಇಡಲು ನುಗ್ಗಿ, ತುಳಿದಾಡಿ, ಎರಡು ಒಡೆದಿದ್ದವು. ಹಗಲಲ್ಲೇ ಕರಿ ಕೋಳಿಯನ್ನು ಮೊಟ್ಟೆ ಸಮೇತ ಎತ್ತಿ ಒಳಗಿನ ಬುಟ್ಟಿಯಲ್ಲಿ ಕೂರಿಸಿದೆ. ಮೂರು ಸಲ ಕೂರಿಸಿದರೂ ಎದ್ದು ಬಣವೆಗೇ ಓಡಿತು. ಆಗ ನೀವು ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ನಿಮ್ಮ ಕೆಂಪು ಕೋಳಿಯನ್ನು ಬೈಯಲು ಶುರು ಮಾಡಿದಿರಿ. "ಲೇ ಕೆಂಪಿ, ಹಗಲೊತ್ತು ಎತ್ತಿದ್ರೆ ಕೂರ್ತದೇನೇ? ದೀಪ ಹಚ್ಚೋ ಹೊತ್ಗೆ ಎತ್ಬೇಕು ಕಣೇ. ಬೇರೆ ಕೋಳಿ ಮಕ ಕಾಣ್ದಂಗೆ ಕತ್ಲೆ ಮೂಲೇಲಿ ಇಡ್ಬೇಕು. ಇಷ್ಟೂ ಗೊತ್ತಾಗಲ್ವಾ ನಿಂಗೆ?" ಕೆಂಪಿ ಪಾಪ, ಏನೂ ತಿಳಿಯದೆ ನಿಮ್ಮ ಮೊರದಲ್ಲಿದ್ದ ನುಚ್ಚು ಹೆಕ್ಕುತ್ತಿತ್ತು.

ಮಾತು ಬಿಟ್ಟವರು ನಾಯಿಗೋ ಬೆಕ್ಕಿಗೋ ಹೇಳಿ ಚುಚ್ಚುವುದು ನಮ್ಮ ಕಡೆ ಹೊಸದೇನಲ್ಲ. ಆದರೆ ಹಾಗೆ ಮಾತಾಡಿ ಕಲಿಸಿಕೊಟ್ಟವರನ್ನು ನಾನು ಕಂಡಿದ್ದು ನಿಮ್ಮನ್ನು ಮಾತ್ರ. ಆಮೇಲೆ ದಿನಾ ಕೆಂಪಿಗೆ ಪಾಠ. ಕೂರಿಸಿದ ಮೊಟ್ಟೆಗೆ ಇದ್ದಿಲಲ್ಲಿ ಗೆರೆ ಎಳಿ, ಗೆರೆ ಇಲ್ಲದ್ದು ಕಂಡರೆ ಬೇರೆ ಕೋಳಿ ಇಟ್ಟದ್ದು, ತೆಗೆದುಬಿಡು. ದಿನಕ್ಕೊಂದು ಸಲ ಎಬ್ಬಿಸಿ ಕಾಳು, ನೀರು ಕೊಡು. ಎಂಟನೇ ದಿನ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡು, ಒಳಗೆ ನರ ಕಾಣದಿದ್ದರೆ ಅದು ಕೆಟ್ಟದ್ದು. ನಾನು ಗೋಡೆಗೆ ಕಿವಿ ಕೊಟ್ಟು ಕೇಳಿ ಹಾಗೇ ಮಾಡಿದೆ. ಕೆಟ್ಟ ಎರಡನ್ನು ಆಚೆ ಎಸೆದೆ. ನಿಮ್ಮ ಕೋಳಿಗಳ ಮೊಟ್ಟೆ ಎಲ್ಲಿ ಹೋದವೆಂದು ಭಾವ ಕೇಳಿದಾಗ, "ಮುಂಗುಸಿ ತಿಂದಿರ್ಬೇಕು ಬಿಡ್ರೀ" ಎಂದಿರಲ್ಲ, ಅದೂ ಕೇಳಿಸಿತು. ಅವತ್ತು ನನಗೆ ಊಟ ಸೇರಲಿಲ್ಲ.

ಇಷ್ಟೆಲ್ಲ ಮಾಡಿದ್ದು ಯಾರಿಗೆ? ಪಾಲಿನ ದಿನ ಹತ್ತು ಜನರ ಮುಂದೆ "ಮಕ್ಕಳಿಲ್ದೋರಿಗೆ ಎರಡು ಕೋಣೆ ಯಾಕೆ" ಎಂದವಳಿಗೆ. ನೀವು ಒಂದು ಕೋಣೆಯ ಬೀಗದ ಕೈ ನನ್ನ ಮುಂದಿಟ್ಟು ಎದ್ದು ಹೋದಿರಿ. ಸಿಟ್ಟಿನಲ್ಲಿ ಬಾಯಿ ಜಾರಿತು ಎಂದು ಊರಿಗೆಲ್ಲ ಹೇಳಿಕೊಂಡೆ. ಸಿಟ್ಟಲ್ಲ ಅಕ್ಕಾ, ಆಸೆ. ಆ ಕೋಣೆ ನನಗೆ ಬೇಕಿತ್ತು. ನನ್ನ ಬಾಣಂತನ ಮಾಡಿದವರು ನೀವು. ನನ್ನ ಗಾನವಿ ನಾಲ್ಕು ವರ್ಷ ನನ್ನ ಮಗ್ಗುಲಿಗಿಂತ ನಿಮ್ಮ ಮಗ್ಗುಲಲ್ಲಿ ಮಲಗಿದ್ದೇ ಹೆಚ್ಚು. ಅಂಥವರಿಗೆ ಆ ಮಾತು ಅಂದೆ. ತಪ್ಪಾಯಿತು.

ಒಂಬತ್ತರಲ್ಲಿ ನಾಲ್ಕು ಮರಿ ನಿಮ್ಮವು. ಈಗಲೇ ತಾಯಿಯಿಂದ ಬಿಡಿಸಿದರೆ ಚಳಿಗೆ ಸಾಯುತ್ತವೆ, ಅದಕ್ಕೇ ಕೋಳಿಯನ್ನೂ ಸೇರಿಸಿ ಸಂಜೆ ನಿಮ್ಮ ಜಗಲಿಯ ಮೇಲೇ ಬಿಡುತ್ತೇನೆ. ಹದ್ದು, ಬೆಕ್ಕು ಕಾಯಲು ನನಗೆ ನಿಮ್ಮಷ್ಟು ಬರುವುದಿಲ್ಲ. ನೀವು ಮಾಡಿದ ಉಪಕಾರವನ್ನು ಜೀವ ಇರುವವರೆಗೂ ಮರೆಯುವುದಿಲ್ಲ.

ನಿಮ್ಮ
ಹೇಮಾ

ಇನ್ನೊಂದು ಮಾತು: ಇದನ್ನು ಬರೆಯಲು ಕೈ ಬಾರದೆ ಬಿಟ್ಟಿದ್ದೆ. ಗಾನವಿ ನಿಮ್ಮ ಮನೆಗೆ ಬರುವುದೇ ಇಲ್ಲ, ಮಗು ನಿಮ್ಮನ್ನು ಮರೆತೇಬಿಟ್ಟಿದೆ ಎಂದು ನೀವು ಭಾವನ ಹತ್ತಿರ ಅತ್ತಿರಂತೆ. ಮರೆತಿಲ್ಲ ಅಕ್ಕಾ. "ದೊಡ್ಡಮ್ಮ ನಿನ್ನ ಬರಬೇಡ ಅಂದವ್ರೆ" ಎಂದು ಅವಳಿಗೆ ಸುಳ್ಳು ಹೇಳಿದವಳು ನಾನು. ಇವತ್ತು ಬೆಳಿಗ್ಗೆ ನಿಜ ಹೇಳಿದೆ. ಆಗಿನಿಂದ ನನ್ನ ಮುಖ ನೋಡುತ್ತಿಲ್ಲ. ಈ ಕಾಗದ ತಂದು ನಿಮ್ಮ ಹೊಸಿಲಲ್ಲಿ ನಿಂತಿರುವವಳು ಅವಳೇ. ನನ್ನನ್ನು ಆಮೇಲೆ ಬೈಯಿರಿ, ಮೊದಲು ಅವಳನ್ನು ಒಳಗೆ ಕರೆಯಿರಿ.