ಸನ್ಮಾನಕ್ಕೆ ಚಿಕ್ಕಮ್ಮ ಬರುವುದಿಲ್ಲ

ಅಣ್ಣಾ,

‘ಪ್ರೀತಿಯ’ ಎಂದು ಬರೆಯಲು ಪೆನ್ನು ಒಪ್ಪಲಿಲ್ಲ, ‘ಪೂಜ್ಯ’ ಎಂದು ಬರೆಯಹೋದರೆ ನಗು ಬಂತು. ಹಾಗಾಗಿ ಬರೀ ಅಣ್ಣ. ಅದೊಂದನ್ನು ಬದಲಾಯಿಸುವುದು ನನ್ನ ಕೈಯಲ್ಲಿಲ್ಲ.

ನಿನ್ನ ಬ್ಯಾನರ್ ನೋಡಿದೆ. ನೋಡದೆ ಇರುವುದಕ್ಕೆ ನೀನೆಲ್ಲಿ ಬಿಟ್ಟಿದ್ದೀಯ? ಬೀದಿಯ ಈ ತುದಿಗೊಂದು, ಆ ತುದಿಗೊಂದು, ನಡುವೆ ಬೇಕರಿಯ ಬೋರ್ಡು ಮುಚ್ಚಿಹೋಗುವ ಹಾಗೆ ಮತ್ತೊಂದು. ‘ಸಂಕಷ್ಟದಲ್ಲಿ ಬೀದಿಯ ಕೈ ಹಿಡಿದ ಧೀಮಂತ’ ಅಂತೆ. ಚಿತ್ರದಲ್ಲಿ ನಾನು ಓಡಿಸುವ ಸ್ಕೂಲ್ ಬಸ್ಸಿನ ಮೂತಿಯ ಮೇಲೆ ಕೈಯಿಟ್ಟು, ಅದನ್ನು ನೀನೇ ಹೆತ್ತವನಂತೆ ನಿಂತಿದ್ದೀಯ. ಡ್ರೈವರ್ ಸೀಟಿನಲ್ಲಿ ಕಾಣುವ ಅರ್ಧ ಮೊಣಕೈ ನನ್ನದು. ಅಷ್ಟನ್ನಾದರೂ ಕತ್ತರಿಸದೆ ಉಳಿಸಿದ್ದೀಯಲ್ಲ, ದೊಡ್ಡ ಉಪಕಾರವಾಯಿತು.

ನಿನ್ನ ಅಂಗಡಿಯ ಮ್ಯಾನೇಜರ್ ನಿನ್ನೆ ಬಂದಿದ್ದ. ಭಾನುವಾರ ವ್ಯಾಪಾರಿ ಸಂಘದವರು ನಿನಗೆ ಸನ್ಮಾನ ಮಾಡುತ್ತಾರಂತೆ. ಚಿಕ್ಕಮ್ಮ ವೇದಿಕೆಯ ಮೇಲೆ ಕೂತು ನಿನ್ನನ್ನು ಹರಸಬೇಕಂತೆ. ನಾನು ನಿನ್ನ ಬಗ್ಗೆ ‘ಚಿಕ್ಕದಾಗಿ ಎರಡು ಮಾತು’ ಆಡಬೇಕಂತೆ. ಎರಡು ಮಾತಿನಲ್ಲಿ ಮುಗಿಯುವ ಮನುಷ್ಯನೇ ನೀನು? ಅದಕ್ಕೇ ಈ ಕಾಗದ. ಧೈರ್ಯವಿದ್ದರೆ ಇದನ್ನೇ ಮೈಕಿನಲ್ಲಿ ಓದಿಸು.

ಎಲ್ಲರೂ ಮನೆಯಲ್ಲೇ ಇರಬೇಕೆಂಬ ಆದೇಶ ಬಂದ ದಿನ ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದು ಬಾಗಿಲು ಹಾಕಿಕೊಂಡಿತ್ತು. ನೀನೊಬ್ಬ ಮನೆಯ ಮುಂದೆ ನಿಂತು ಎಲ್ಲ ಕಿಟಕಿಗಳಿಗೂ ಕೇಳಿಸುವ ಹಾಗೆ ಅಂದೆ: ‘ಕಣ್ಣಿಗೆ ಕಾಣದ ಹುಳಕ್ಕೆ ಹೆದರಿಕೊಂಡು ಕೋಣೇಲಿ ಕೂರೋಕೆ ನಾನೇನು ಬಾಣಂತೀನಾ?’ ಆಮೇಲೆ ಸೋಫಾ ಅಂಗಡಿಯ ಶಟರನ್ನು ಮುಕ್ಕಾಲು ಇಳಿಸಿ, ನಿನ್ನ ಮೂವರು ಗೆಳೆಯರನ್ನು ಅದರಡಿಯಿಂದ ಬಗ್ಗಿಸಿ ಬಗ್ಗಿಸಿ ಒಳಗೆ ತುಂಬಿಕೊಂಡೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಸೋಫಾಗಳ ಮೇಲೆ ದಿನವಿಡೀ ಇಸ್ಪೀಟು. ಮಾಸ್ಕ್ ಇತ್ತು, ಇಲ್ಲ ಎನ್ನಲಾರೆ. ಅದು ನಿನ್ನ ಜೋಡಿ ಗಲ್ಲಕ್ಕೆ ತೊಟ್ಟಿಲಾಗಿತ್ತು. ಸೋಪು ಹಾಕಿ ಕೈ ತೊಳೆದುಕೋ ಎಂದು ಅತ್ತಿಗೆ ಬೇಡಿಕೊಂಡರೆ, ‘ಕೈ ತೊಳ್ಕೊಂಡ್ರೆ ಅದೃಷ್ಟ ಹೋಗುತ್ತೆ’ ಅಂದೆಯಂತೆ. ಮನೆಯೊಳಗಿದ್ದವರನ್ನೆಲ್ಲ ಹೇಡಿಗಳು ಅಂದೆ.

ಆ ಹೇಡಿಗಳು ಏನು ಮಾಡುತ್ತಿದ್ದರು ಎಂದು ನಿನಗೆ ಗೊತ್ತಿಲ್ಲ, ನಿನ್ನ ಕಣ್ಣು ಇಸ್ಪೀಟಿನ ಮೇಲಿತ್ತು. ಶಾಲೆ ಮುಚ್ಚಿದ ಮೇಲೆ ನಮ್ಮ ಹೆಡ್‌ಮಿಸ್ ಪರವಾನಗಿ ಮಾಡಿಸಿ ಬಸ್ಸನ್ನು ನನ್ನ ಕೈಗೆ ಕೊಟ್ಟರು. ದಿನಸಿ ಬೇಕಾದವರು ಕಿಟಕಿಗೆ ಬಿಳಿ ಬಟ್ಟೆ ಕಟ್ಟಬೇಕು, ಔಷಧಿ ಬೇಕಾದವರು ಕೆಂಪು ಬಟ್ಟೆ. ಎದುರು ಮನೆಯ ನಿವೃತ್ತ ಗಣಿತ ಟೀಚರ್ ಫೋನ್ ಹಿಡಿದು ಕೂತರು. ಯಾರಿಗೆ ಯಾವ ಮಾತ್ರೆ, ಯಾವ ಮನೆಯಲ್ಲಿ ಮಗುವಿಗೆ ಹಾಲಿಲ್ಲ ಎಂಬುದೆಲ್ಲ ಅವರ ಬಾಯಲ್ಲೇ ಇತ್ತು. ಬೇಕರಿಯವನು ಬೆಳಗ್ಗೆ ಬ್ರೆಡ್ ಬೇಯಿಸಿ ಬಿಸಿಬಿಸಿಯಾಗಿ ಬಸ್ಸಿಗೆ ಏರಿಸುತ್ತಿದ್ದ. ನಾನು ಗೇಟಿನ ಹತ್ತಿರ ಚೀಲ ಇಟ್ಟು, ಹಾರ್ನ್ ಹೊಡೆದು, ಹಿಂದೆ ಸರಿದು ನಿಲ್ಲುತ್ತಿದ್ದೆ. ಆ ಹಾರ್ನ್ ಕೇಳಿದರೆ ಸ್ಕೂಲಿಗೆ ಹೊತ್ತಾಯಿತೆಂದು ಒಳಗೆ ಬಚ್ಚಿಟ್ಟುಕೊಳ್ಳುತ್ತಿದ್ದ ಪುಂಡರೇ ಈಗ ಕಿಟಕಿಗೆ ಮೂಗು ಒತ್ತಿ ನನಗೆ ಟಾಟಾ ಮಾಡುತ್ತಿದ್ದರು. ಅಜ್ಜಿಯೊಬ್ಬರು ದಿನವೂ ಒಳ್ಳೆಯ ಸೀರೆ ಉಟ್ಟು ಕಿಟಕಿಗೆ ಬರುತ್ತಿದ್ದರು. ‘ಬಸ್ಸು ಬರೋ ಹೊತ್ತು, ಹೆಂಗೆಂಗೋ ಇರೋಕಾಗುತ್ತಾ?’ ಅನ್ನುತ್ತಿದ್ದರು. ಇಷ್ಟು ಜನ ಇಷ್ಟು ದಿನ ಒಳಗೆ ಕೂತಿದ್ದರಲ್ಲ, ಅದಕ್ಕೂ ಗುಂಡಿಗೆ ಬೇಕು ಕಣೋ. ಶಟರಿನಡಿ ತೂರುವುದಕ್ಕೆ ಬೇಕಾದ್ದು ಸೊಂಟ ಮಾತ್ರ.

ಒಂದು ಬೆಳಗ್ಗೆ ನಿನ್ನ ಕಿಟಕಿಯಲ್ಲಿ ಕೆಂಪು ಟವೆಲ್ ಕಂಡಿತು. ಬಸ್ಸನ್ನು ಅಡ್ಡಡ್ಡ ನಿಲ್ಲಿಸಿ ಓಡಿ ಬಂದೆ. ನೀನು ಸರಳಿನ ಹಿಂದೆ ಹಲ್ಲು ಕಿಸಿದು, ‘ಸಿಗರೇಟು ಖಾಲಿಯಾಗಿದೆ, ಒಂದು ಪ್ಯಾಕ್ ತಾರೆ. ನನಗದೇ ಔಷಧಿ’ ಅಂದೆ. ಒಳಗಿಂದ ನಿನ್ನ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ನನಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಸಿಟ್ಟು ಬರಲಿಲ್ಲ. ಹಾಲಿನಲ್ಲಿ ಸತ್ತ ನೊಣ ಕಂಡರೆ ಆಗುತ್ತದಲ್ಲ, ಹಾಗಾಯಿತು.

ಇನ್ನು ಚಿಕ್ಕಮ್ಮನ ವಿಷಯ. ಅಮ್ಮ ಹೋದ ಮೇಲೆ ಮದುವೆ ಗಿದುವೆ ಎಲ್ಲ ಬದಿಗಿಟ್ಟು ನಮ್ಮಿಬ್ಬರನ್ನು ಸಾಕಿದವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತಿಗೆಲ್ಲ ದಾರಿ ಮಾಡಿಕೊಟ್ಟ ಆ ಗಟ್ಟಿ ದನಿ ನಿನಗೆ ನೆನಪಿರಬೇಕು. ಕೆಳಗೆ ನೀನು, ಅತ್ತಿಗೆ; ಮಹಡಿಯಲ್ಲಿ ಅವಳೂ ನಾನೂ ಇಬ್ಬರೇ. ದಿನವಿಡೀ ಊರು ಸುತ್ತುವ ನಾನು ಅವಳಿಗೆ ರೋಗ ಅಂಟಿಸಬಾರದೆಂದು ಮೆಟ್ಟಿಲ ಕೆಳಗಿನ ಸಾಮಾನಿನ ಕೋಣೆಗೆ ಹಾಸಿಗೆ ಇಳಿಸಿಕೊಂಡೆ. ಸಂಜೆ ಅವಳು ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು ಹರಟುತ್ತಿದ್ದೆವು. ನಡುಮೆಟ್ಟಿಲಲ್ಲಿ ನನ್ನ ತಟ್ಟೆ. ‘ಕೂದಲು ನೋಡು, ಗುಬ್ಬಿ ಗೂಡಾಗಿದೆ. ಹತ್ರ ಬಂದಿದ್ರೆ ಬಾಚ್ತಿದ್ದೆ’ ಅನ್ನುತ್ತಿದ್ದಳು. ನಾನು ಹತ್ತಿರ ಹೋಗಲಿಲ್ಲ. ಅವಳೂ ಇಳಿದು ಬರಲಿಲ್ಲ.

ಹೋದದ್ದು ನೀನು. ನಿನ್ನ ಇಸ್ಪೀಟಿನ ಗೆಳೆಯನೊಬ್ಬನಿಗೆ ರೋಗ ಇದೆಯೆಂದು ಫೋನ್ ಬಂತು. ನಿನ್ನ ಮೈಯೂ ಆಗಲೇ ಬೆಚ್ಚಗಿತ್ತು. ಅತ್ತಿಗೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ನೀವು ಅಂಗಡಿಯಲ್ಲೇ ಮಲಗಿ, ಊಟ ಅಲ್ಲಿಗೇ ತಂದಿಡುತ್ತೇನೆ ಎಂದಿದ್ದರು. ಅಷ್ಟೊಂದು ಸೋಫಾ ಬಿದ್ದಿದ್ದ ಅಂಗಡಿ! ಆದರೆ ಜ್ವರ ಬಂದರೆ ನಿನಗೆ ಯಾರಾದರೂ ತಲೆ ಸವರಬೇಕು. ನಾನು ಬಸ್ಸಿನ ಜೊತೆ ಹೊರಗಿದ್ದಾಗ ಮಹಡಿ ಹತ್ತಿ ಹೋಗಿ ಅವಳ ಹಾಸಿಗೆಯಲ್ಲೇ ಉರುಳಿಕೊಂಡೆ. ‘ಸ್ವಲ್ಪ ತಲೆನೋವು ಚಿಕ್ಕಮ್ಮ, ಅಂಗಡಿ ಧೂಳು’ ಅಂದೆ. ಅವಳು ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತು ಹಣೆಗೆ ಒದ್ದೆಬಟ್ಟೆ ಹಾಕಿದಳು. ಫೋನ್ ಬಂದದ್ದನ್ನು ನೀನು ಹೇಳಲಿಲ್ಲ. ಅತ್ತಿಗೆಯೇ ಆಮೇಲೆ ನನ್ನ ಮುಂದೆ ಅತ್ತುಕೊಂಡು ಹೇಳಿದ್ದು.

ಕೆಲವು ದಿನಗಳಲ್ಲಿ ಚಿಕ್ಕಮ್ಮನ ಕಿಟಕಿಯಲ್ಲಿ ಅವಳ ಕೆಂಪು ರವಿಕೆ ನೇತಾಡಿತು. ಕೂಗಲು ದನಿಯಿರಲಿಲ್ಲ. ಆಂಬುಲೆನ್ಸ್‌ಗಳು ಯಾವುವೂ ಬಿಡುವಾಗಿರಲಿಲ್ಲ, ಬಸ್ಸಿನಲ್ಲೇ ಕರೆದುಕೊಂಡು ಹೊರಟೆ. ಎಲ್ಲ ಕಿಟಕಿ ತೆರೆದು ಅವಳನ್ನು ಕೊನೆಯ ಸೀಟಿನಲ್ಲಿ ಒರಗಿಸಿದ್ದೆ. ಮಕ್ಕಳ ತಂಟೆ ನೋಡಲು ಹಾಕಿಸಿದ ಕನ್ನಡಿಯಲ್ಲಿ ಅವಳ ಎದೆ ಏರಿಳಿಯುವುದನ್ನೇ ನೋಡುತ್ತಾ ಓಡಿಸಿದೆ. ‘ನಿಧಾನ ಕಣೆ, ಮುಂದೆ ಹಂಪ್ ಇದೆ’ ಅಂದಳು. ಆಸ್ಪತ್ರೆಯ ಬಾಗಿಲಲ್ಲಿ ಅವಳನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಅವಳು ಕೇಳಿದ್ದೇನು ಗೊತ್ತಾ? ‘ಅವನಿಗೆ ಜ್ವರ ಇಳೀತಾ?’

ನಾನು ನಿನಗೆ ಫೋನ್ ಮಾಡಿದೆ. ನಿನ್ನ ಉತ್ತರ: ‘ನಾನು ಬರೋ ಹಾಗಿಲ್ಲ ಕಣೆ. ರೂಲ್ಸ್ ಇದೆ. ಮನೇಲೇ ಇರಬೇಕು.’ ನೀನು ಹೇಳಿದ್ದು ಸರಿಯಾಗಿಯೇ ಇತ್ತು. ನನಗೆ ಉರಿದದ್ದೂ ಅದಕ್ಕೇ. ಅಷ್ಟೂ ಕಾಲ ನಿನ್ನ ತಲೆಗೆ ಹತ್ತದ ನಿಯಮ, ನಿನಗೆ ಅನುಕೂಲವಾದ ಗಳಿಗೆಯಲ್ಲಿ ಬಾಯಿಪಾಠವಾಗಿತ್ತು.

ಚಿಕ್ಕಮ್ಮ ಬದುಕಿ ಬಂದಳು. ಆ ದಿನ ಇಡೀ ಬೀದಿ ಕಿಟಕಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿತು, ಒಬ್ಬರೂ ಹೊಸ್ತಿಲು ದಾಟಲಿಲ್ಲ. ಆದರೆ ಮೆಟ್ಟಿಲು ಹತ್ತುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ಕೆಳಗಿನ ಮುಂದಿನ ಕೋಣೆ ಬಿಟ್ಟುಕೊಡು ಎಂದು ಕೇಳಿದೆ. ನೀನು ತಲೆ ಕೆರೆದುಕೊಂಡು, ‘ಹೊಸ ಸ್ಟಾಕ್ ಬಂದಿದೆ, ಎಲ್ಲಿಡ್ಲಿ ಹೇಳು?’ ಅಂದೆ. ನಿನ್ನ ಸೋಫಾಗಳು ಕಾಲು ಚಾಚಿ ಮಲಗಿದ್ದವು. ಗಣಿತ ಟೀಚರ್ ತಮ್ಮ ಮುಂದಿನ ಕೋಣೆ ಗುಡಿಸಿ ಮಂಚ ಹಾಕಿದರು. ಅಂದಿನಿಂದ ನಾವು ಅಲ್ಲೇ ಇದ್ದೇವೆ. ರಸ್ತೆ ದಾಟಿದರೆ ಸಿಗುವ ಮನೆ, ನೀನು ಇನ್ನೂ ದಾಟಿಲ್ಲ. ಬಸ್ಸು ಬಾಗಿಲಲ್ಲಿ ನಿಂತಾಗ ಫೋಟೋ ತೆಗೆಸಿಕೊಳ್ಳಲು ಮಾತ್ರ ಅರ್ಧ ರಸ್ತೆಯವರೆಗೆ ಬಂದಿದ್ದೆ.

ನಿನ್ನ ಆಹ್ವಾನವನ್ನು ಅವಳಿಗೆ ಓದಿ ಹೇಳಿದೆ. ‘ಹೋಗೋಣವಾ?’ ಎಂದೂ ಕೇಳಿದೆ, ನನ್ನ ಸಿಟ್ಟನ್ನು ಅವಳ ಬಾಯಿಗೆ ತುರುಕಬಾರದಲ್ಲ. ಅವಳು ಎಂದಾದರೂ ನಿನ್ನ ಬಗ್ಗೆ ಕೆಟ್ಟ ಮಾತು ಆಡಿದ್ದಾಳಾ? ಈಗಲೂ ಆಡಲಿಲ್ಲ. ನಡುನಡುವೆ ಮಾತು ನಿಲ್ಲಿಸಿ, ಉಸಿರು ಎಳೆದುಕೊಂಡು ಹೇಳಿದಳು: ‘ಒಂದು ಮಾತು ಹೇಳಿದ್ರೆ ಸಾಕಿತ್ತು ಕಣೆ. ಹಿಂಗಾಗಿದೆ ಚಿಕ್ಕಮ್ಮ, ದೂರ ಇರು ಅಂತ. ನಾನೇನು ಅವನನ್ನ ಆಚೆಗೆ ಹಾಕ್ತಿದ್ನಾ? ಬಾಗಿಲ ಹತ್ರ ಕೂತ್ಕೊಂಡಾದ್ರೂ ನೋಡ್ಕೋತಿದ್ದೆ.’ ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ‘ಬರಲ್ಲ ಅಂತ ಹೇಳಿಬಿಡು’ ಅಂದಳು.

ಹೇಳಿದ್ದೇನೆ.

ಇನ್ನೊಂದು ವಿಷಯ. ಕುರ್ಚಿಗಳನ್ನು ಹೆಚ್ಚು ತರಿಸಬೇಡ. ಓಡಾಟಕ್ಕೆ ಅನುಮತಿ ಸಿಕ್ಕಿದೆಯಲ್ಲ, ಅದೇ ಭಾನುವಾರ ಅದೇ ಹೊತ್ತಿಗೆ ಬೀದಿಯವರನ್ನೆಲ್ಲ ಬಸ್ಸಿನಲ್ಲಿ ಕೆರೆಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸೀರೆಯ ಅಜ್ಜಿ ಬರುತ್ತಾರೆ, ಟೀಚರ್ ಬರುತ್ತಾರೆ, ಬೇಕರಿಯವನು ಒಲೆ ಆರಿಸಿ ಬರುತ್ತಾನೆ. ಚಿಕ್ಕಮ್ಮನಿಗೆ ಒರಗಲು ದಿಂಬು ಹೊಲಿದಾಗಿದೆ. ಎಷ್ಟೋ ಕಾಲದಿಂದ ಗೋಡೆ ನೋಡಿದವರು ಒಂದಿಷ್ಟು ನೀರು ನೋಡಲಿ. ಬಸ್ಸು ತುಂಬಿದೆ, ಕೊನೆಗೆ ಉಳಿದಿದ್ದ ಕಿಟಕಿ ಪಕ್ಕದ ಸೀಟನ್ನು ಇಂದು ಬೆಳಗ್ಗೆ ಅತ್ತಿಗೆ ಕೇಳಿ ಪಡೆದರು.

ನಿನ್ನ ಆರೋಗ್ಯ ಚೆನ್ನಾಗಿರಲಿ. ನಿನ್ನ ಅಕ್ಕಪಕ್ಕ ಕೂರುವವರ ಸಲುವಾಗಿಯಾದರೂ ಚೆನ್ನಾಗಿರಲಿ.

ರಕ್ತಸಂಬಂಧದಿಂದ ಮಾತ್ರ,
ನಿನ್ನ ತಂಗಿ