ದೊರೆಯ ಬೆಲ್ಟು, ಅಪ್ಪನ ಬೆಲ್ಟು

ಅಪ್ಪಾ,

ಕಾರಿಗೆ ಪೆಟ್ರೋಲ್ ಹಾಕಿಸಿ, ಚಕ್ರಕ್ಕೆ ಗಾಳಿ ಹೊಡೆಸ್ಕೊಂಡು ಬರ್ತೀನಿ. ನನಗಂತೂ ಕಣ್ಣಿಗೆ ನಿದ್ದೆನೇ ಹತ್ತಲಿಲ್ಲ! ಇವತ್ತು ನಾನೇ ಡ್ರೈವರು, ನೀವೂ ದೊರೆಯೂ ಹಿಂದಿನ ಸೀಟು, ಸಂಜೆಗೆ ಅಮ್ಮನ ಹೊಸ ಕ್ವಾರ್ಟರ್ಸು! ವರ್ಗವಾದ ಮೇಲೆ ಅಮ್ಮ ಅವನನ್ನ ನೋಡೇ ಇಲ್ಲ.

ಹೊರಡೋ ಮುಂಚೆ ಅವನಿಗೆ ಏನೂ ತಿನ್ನಿಸಬೇಡಿ. ಬಾಲ ಆಡಿಸಿದ್ರೆ ಸಾಕು, ನೀವು ಕರಗಿ ನೀರಾಗ್ತೀರಿ. ಆಮೇಲೆ ವಾಂತಿ ಒರೆಸೋಳು ನಾನು. ಬೀದಿ ಕೊನೆವರೆಗೂ ಒಂದು ಸುತ್ತು ನಡೆಸಿ. ನೀರಿನ ಬಟ್ಟಲು ಮರೀಬೇಡಿ.

ಅವನಿಗೆ ನೀವು ಹೊಲಿದ ಎದೆಪಟ್ಟಿ ಮಿಷನ್ ಮೇಲಿದೆ. ಅಂಥದ್ದು ಯಾವ ಅಂಗಡೀಲೂ ಸಿಗಲ್ಲ ಬಿಡಿ! ಸೀಟ್ ಬೆಲ್ಟನ್ನ ಅದಕ್ಕೇ ಸಿಕ್ಕಿಸಿ. ಕತ್ತಿನ ಪಟ್ಟಿಗೆ ಬೇಡ, ಬ್ರೇಕ್ ಹಾಕಿದ್ರೆ ಕುತ್ತಿಗೆ ಬಿಗಿಯುತ್ತೆ. "ಪಾಪ, ತಲೆ ಹೊರಗೆ ಹಾಕ್ಲಿ" ಅನ್ನೋದೂ ಬೇಡ. ಹೋದ ಸಲ ಸಿಗ್ನಲ್ಲಲ್ಲಿ ಕಿಟಕಿಯಿಂದ ಹಾರಿ ಬಸ್ಸಿನ ಮುಂದೆ ನಿಂತಿದ್ದನಲ್ಲ, ಮರೆತುಬಿಟ್ರಾ?

ಅಂದಹಾಗೆ, ನಿನ್ನೆ ನಿಂತ ಕಾರಲ್ಲೇ ಅಭ್ಯಾಸ ಮಾಡಿಸಿದೆ. ಬೆಲ್ಟ್ ಸಿಕ್ಕಿಸಿದ್ದೇ ತಡ, ಕುಂಯ್ ಕುಂಯ್ ಅಂತ ಒಂದೇ ಸಮ ರಾಗ. ಪಕ್ಕದಲ್ಲಿ ಕೂತು ನನ್ನ ಬೆಲ್ಟನ್ನೂ ಹಾಕ್ಕೊಂಡೆ ನೋಡಿ, ಟಕ್ ಅಂದ ಕೂಡಲೇ ಗಪ್‌ಚಿಪ್! ನಾನು ಬಿಚ್ಚಿದೆ, ಮತ್ತೆ ರಾಗ. ಆದ್ದರಿಂದ "ಬೆಲ್ಟ್ ಹಾಕಿದ್ರೆ ನನಗೆ ಉಸಿರು ಕಟ್ಟುತ್ತೆ" ಅನ್ನೋ ನಿಮ್ಮ ಹಳೇ ನೆಪ ಇವತ್ತು ನಡೆಯಲ್ಲ.

ದೊರೆಯನ್ನ ಹುಷಾರಾಗಿ ಕರ್ಕೊಂಡು ಬರ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ನಿಮ್ಮ ವಿಷಯದಲ್ಲಿ ಮಾತು ಕೊಡೋಕೆ ಇನ್ನೂ ಧೈರ್ಯ ಬಂದಿಲ್ಲ.