ಕೃಪಾಳಿಗೊಂದು ವಿಜ್ಞಾನ ಪುಸ್ತಕ

ರಾಮನಗರ
೧೭ ಜೂನ್ ೨೦೨೫

ಪ್ರೀತಿಯ ಅಸ್ರಾ,

ಚನ್ನಪಟ್ಟಣದಲ್ಲಿ ನೀನು, ಮಗಳು ಸಾನಾ, ನಿಮ್ಮ ಅಮ್ಮಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬಕ್ರೀದ್‌ಗೆ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟು ಕೈಕೊಟ್ಟೆ. ನಿನ್ನ ಫೋನನ್ನೂ ಎತ್ತಲಿಲ್ಲ. ಬೈಯುವುದಿದ್ದರೆ ಬೈದುಬಿಡು, ಆಮೇಲೆ ಓದು. ನಿನ್ನ ದನಿ ಕೇಳಿದರೆ ಅಳು ಬಂದುಬಿಡುತ್ತದೆ, ಅದಕ್ಕೇ ಈ ಕಾಗದ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದೆಯಲ್ಲ, ಈಗ ಅನುಭವಿಸು.

ನಾನು ಟೀಚರ್ ಕೆಲಸ ಬಿಟ್ಟಾಗ ನೀನು ಕಾರಣ ಕೇಳಿದ್ದೆ, ನಾನು ನಕ್ಕು ತೇಲಿಸಿದ್ದೆ. ವಿಷಯ ಇಷ್ಟು. ನಮ್ಮ ಯಜಮಾನರು ಅಂತೋಣಿ ಬಿಡದಿಯ ಫ್ಯಾಕ್ಟರಿ ಗೆಳೆಯರ ಜೊತೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ಅಲ್ಲಿನ ನಾಲ್ಕು ಮನೆಯವರು ಸೇರಿ, ಆರರಿಂದ ಎಂಟನೇ ತರಗತಿಯ ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದೆಂದು ತೀರ್ಮಾನಿಸಿದರು. ಮುಂದೆ ಓಪನ್ ಸ್ಕೂಲ್‌ನಲ್ಲಿ ಪರೀಕ್ಷೆ ಬರೆಸಿದರಾಯಿತು ಎಂದರು. ನನಗೆ ಸಿಟ್ಟೇ ಬಂದಿತ್ತು. ಆದರೆ ಅಂತೋಣಿ, "ವಿಜ್ಞಾನ ನೀನೇ ಹೇಳ್ಕೊಡು, ಪುಸ್ತಕಾನೂ ನೀನೇ ಆರ್ಸು" ಎಂದಾಗ ಕರಗಿಬಿಟ್ಟೆ. ಊರ ಮಕ್ಕಳಿಗೆಲ್ಲ ಪಾಠ ಹೇಳಿದ ನನಗೆ ನನ್ನ ಮಗಳಿಗೇ ಹೇಳಿಕೊಡುವ ಅವಕಾಶ. ಕೃಪಾಗೆ ಈಗ ಹನ್ನೆರಡು ತುಂಬಿದೆ, ಪ್ರಶ್ನೆ ಕೇಳುವ ವಯಸ್ಸು. ಒಳಗೊಳಗೇ ಕುಣಿದಾಡಿದೆ ಕಣೇ.

ಹುಡುಕಿ ಹುಡುಕಿ ಕೊನೆಗೆ ಎರಡು ಪುಸ್ತಕ ಉಳಿದವು. ಎರಡೂ ಕ್ರೈಸ್ತರೇ ಬರೆದವು. ಒಂದರಲ್ಲಿ ಪುಟಪುಟಕ್ಕೂ ಬೈಬಲ್ ವಚನ, ಚೆಂದದ ಚಿತ್ರಗಳು. ಪ್ರಯೋಗ ಮಾತ್ರ ಹುಡುಕಿದರೂ ಇಲ್ಲ, ಭೂಮಿಗೆ ಆರು ಸಾವಿರ ವರ್ಷ ಎಂದು ಬೇರೆ ಬರೆದಿತ್ತು. ಇನ್ನೊಂದು ಕೂಡ ಪ್ರಾರ್ಥನೆಯಿಂದಲೇ ಶುರುವಾಗುತ್ತದೆ. ಆದರೆ ನಿಂಬೆಹಣ್ಣು, ಸುಣ್ಣದ ತಿಳಿನೀರು, ಹೀಗೆ ಮನೆಯಲ್ಲಿರುವುದನ್ನೇ ಹಿಡಿದು ಮಾಡಿ ನೋಡು ಎನ್ನುತ್ತದೆ, ಬಂಡೆಗಳ ವಯಸ್ಸನ್ನು ಕೋಟಿಗಳಲ್ಲಿ ಹೇಳುತ್ತದೆ. ನಾನು ಆರಿಸಿದ್ದು ಅದನ್ನೇ.

ಜೂನ್ ಮೊದಲ ಭಾನುವಾರ ಕೂಟ ನಮ್ಮ ಮನೆಯಲ್ಲಿತ್ತು. ಪುಸ್ತಕವನ್ನು ಎಲ್ಲರ ಮುಂದಿಟ್ಟೆ. ಕೂಟ ನಡೆಸುವ ಸುಗುಣಕ್ಕ ಬಂಡೆಯ ಪಾಠ ತೆಗೆದು, "ಇದೇನವ್ವಾ, ಕೋಟಿಗಟ್ಲೆ ವರ್ಷ ಅಂತ ಬರ್ದೈತೆ?" ಎಂದರು. ನಾನು ಸುಮ್ಮನಿರಬಹುದಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ. "ಅಕ್ಕಾ, ಕಿಟಕಿ ತೆಗುದ್ರೆ ಕಾಣ್ತದಲ್ಲ ಬೆಟ್ಟ, ಅದನ್ನ ಮಾಡೋಕೆ ದೇವ್ರಿಗೇನ್ ಅವಸರ ಇತ್ತಾ?" ಎಂದುಬಿಟ್ಟೆ. ಯಾರೂ ನಗಲಿಲ್ಲ.

ಸುಗುಣಕ್ಕ ಕೆಟ್ಟವರಲ್ಲ ಅಸ್ರಾ. ನನಗೆ ಡೆಂಗಿ ಬಂದಾಗ ದಿನವೂ ಮುದ್ದೆ, ಸಾರು ಹೊತ್ತು ತಂದವರು ಅವರೇ. ನನ್ನ ಕೈ ಹಿಡಿದುಕೊಂಡೇ ಹೇಳಿದರು: "ಬೇಜಾರ್ ಮಾಡ್ಕಬ್ಯಾಡ ಕಣವ್ವ. ಹೇಳ್ಕೊಡೋರ ಮನಸ್ನಲ್ಲಿ ಅನುಮಾನ ಇದ್ರೆ ಮಕ್ಕಳಿಗೂ ಬತ್ತದೆ. ವಿಜ್ಞಾನ ನಾನೇ ನೋಡ್ಕತೀನಿ." ಅನುಮಾನವಂತೆ! ದಿನಾ ಬೆಳಿಗ್ಗೆ ಮೊಣಕಾಲೂರಿ ಪ್ರಾರ್ಥಿಸುವ ನನಗೆ! ಅಂತೋಣಿ ಕಡೆ ನೋಡಿದೆ. ಅವರು ಪುಸ್ತಕದ ರಟ್ಟು ನೋಡುತ್ತಾ ಕೂತಿದ್ದರು. ಎಲ್ಲರೂ ಹೋದ ಮೇಲೆ, "ನೀನು ಒಸಿ ಸುಮ್ಕಿದ್ದಿದ್ರೆ ಆಯ್ತಿತ್ತು" ಎಂದರು, ಅಷ್ಟೇ.

ಈಗ ಕೃಪಾ ಬೆಳಿಗ್ಗೆ ಅಪ್ಪನ ಜೊತೆ ಬಿಡದಿಗೆ, ಸುಗುಣಕ್ಕನ ಮನೆಗೆ ಪಾಠಕ್ಕೆ ಹೋಗುತ್ತಾಳೆ. ಚಿತ್ರದ ಪುಸ್ತಕವೇ ಗೆದ್ದಿತು. ನನಗೆ ವಾರಕ್ಕೊಂದು ದಿನ ಮಕ್ಕಳಿಗೆ ಹೊಲಿಗೆ ಹೇಳಿಕೊಡುವ ಕೆಲಸ ಕೊಟ್ಟಿದ್ದಾರೆ. ನೆಟ್ಟಗೆ ಒಂದು ಗುಂಡಿ ಹಾಕಲು ಬಾರದವಳಿಗೆ ಹೊಲಿಗೆ! ನೀನಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನನಗೆ ನಗು ಬರುತ್ತಿಲ್ಲ, ಎದೆ ಒಡೆದುಹೋಗಿದೆ. ಶಾಲೆಗೆ ವಾಪಸ್ ಬಾ ಎನ್ನುತ್ತೀಯ, ಬರುತ್ತೇನೇನೋ. ಆದರೆ ಅಲ್ಲಿ ನೂರು ಮಕ್ಕಳಿಗೆ ಪಾಠ ಹೇಳಿ ಮನೆಗೆ ಬಂದರೆ, ಇಲ್ಲಿ ನನ್ನ ಮಗಳಿಗೆ ಮಾತ್ರ ನಾನು ವಿಜ್ಞಾನ ಹೇಳುವಂತಿಲ್ಲ.

ಸಾನಾ ಏನೇ ಕೇಳಿದರೂ ಗದರಬೇಡ. ನನ್ನ ಹೆಸರಿನಲ್ಲಿ ಅವಳ ನೆತ್ತಿಯ ಮೇಲೊಮ್ಮೆ ಕೈಯಿಡು. ಅಮ್ಮಿಗೆ ಸಲಾಮ್ ಹೇಳು. ನಿಮ್ಮ ಮನೆಯನ್ನು ದೇವರು ಸದಾ ತಂಪಾಗಿಟ್ಟಿರಲಿ.

ನಿನ್ನ
ಜೆಸಿಂತಾ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದೆ. ಸುಗುಣಕ್ಕನ ಮಾತಿಗೆ ಇಷ್ಟು ಅಳುವವಳಲ್ಲ ನಾನು. ಮೇ ತಿಂಗಳಲ್ಲಿ ಕೃಪಾಳನ್ನು ಕನಕಪುರದ ಹತ್ತಿರ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಕರೆದುಕೊಂಡು ಹೋಗಿದ್ದೆ. ನಾನು ಅವಳಿಗೆ ಮಾಡಿದ ಮೊದಲ ಪಾಠ. ಮೊಟ್ಟೆ ಇಟ್ಟಾದ ಮೇಲೆ ಅಲ್ಲಿ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಗಂಟು ರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಟ್ಟುಬಿಡುತ್ತಾರೆ. ಕೃಪಾ ಕಣ್ಣರಳಿಸಿ ನೋಡಿದ್ದಳು. ಆ ಭಾನುವಾರ ಕೂಟದಲ್ಲಿ ಸುಗುಣಕ್ಕ ಅನುಮಾನದ ಮಾತಾಡಿದ ಕೂಡಲೇ ಒಂದು ಹುಡುಗಿ, "ಅನುಮಾನ ಮಕ್ಕಳಿಗೆ ಹೆಂಗ್ ಬತ್ತದೆ ಆಂಟಿ?" ಎಂದು ಅವರನ್ನು ಕೇಳಿದಳು. ನನ್ನ ಮಗಳೇ ಕೈಯೆತ್ತಿದಳು. "ರೇಷ್ಮೆ ಚಿಟ್ಟೆ ಥರ. ತಾಯಿಗೆ ರೋಗ ಇದ್ರೆ ಮೊಟ್ಟೆಗೂ ಇರ್ತದೆ. ಅದಕ್ಕೇ ತಾಯೀನ ಅರ್ದು ನೋಡ್ತಾರೆ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಪಾಠ ಒಪ್ಪಿಸುವ ಉತ್ಸಾಹವಷ್ಟೇ ಇತ್ತು. ಹೇಳಿ ಮುಗಿಸಿ, ಸರಿಯಾಗಿ ಹೇಳಿದೆನಾ ಎನ್ನುವಂತೆ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.